ಓಡುತ್ತದೆ ಎಂದರೆ ಸಾಲದು

“ಕಂಡೆನ್ಸರ್ ಹಾಕಿದ್ರೆ ಓಡ್ತದೆ ಮಾರಾಯ್ರೆ.”

ಮುಂಬಯಿ ಮಗ್ಗುಲಿನ ಡೊಂಬಿವಲಿಯಲ್ಲಿ ಈ ಮಾತನ್ನು ನಾನು ಕೇಳದ ವರ್ಷವಿಲ್ಲ. ಊರ ಕಡೆಯಿಂದ ಬಂದ ಬಡಗಿ ಕನ್ನಡದಲ್ಲಿ ಹೇಳುತ್ತಾನೆ, ವಾಯರ್‌ಮನ್ ಮರಾಠಿಯಲ್ಲಿ ಹೇಳುತ್ತಾನೆ, ಹಳೇ ಮಶೀನು ಮಾರುವವನು ಹಿಂದಿಯಲ್ಲಿ ಹೇಳುತ್ತಾನೆ. ಹೇಳುವಾಗ ಮೂವರ ಮುಖದಲ್ಲೂ ಒಂದೇ ನೆಮ್ಮದಿ. ಮುಚ್ಚಿಹೋದ ಯಾವುದೋ ಫರ್ನಿಚರ್ ಕಾರ್ಖಾನೆಯ ರಂದಾ ಮಶೀನು, ಅಂದರೆ ಮರ ಹೆರೆಯುವ ಯಂತ್ರ, ಗುಜರಿ ಬೆಲೆಗೆ ಸಿಕ್ಕಿರುತ್ತದೆ. ಎರಕದ ಕಬ್ಬಿಣದ ಮೇಜು, ಗಟ್ಟಿಯಾದ ಬೇರಿಂಗು, ಕೆಳಗೆ ಮೂರು ಎಚ್‌ಪಿಯ ತ್ರೀ ಫೇಸ್ ಮೋಟಾರು. ಅದನ್ನು ಟೆಂಪೋದಲ್ಲಿ ಹಾಕಿ ಕಲ್ಯಾಣ ಪೂರ್ವದ ಚಾಳಿನ ನೆಲಮಹಡಿಗೋ, ಠಾಕುರ್ಲಿಯ ಮನೆಯ ಹಿಂದಿನ ತಗಡಿನ ಶೆಡ್ಡಿಗೋ, ಘಣ್ಸೋಲಿಯ ಹಳ್ಳಿಮನೆಯ ಅಂಗಳಕ್ಕೋ ತಂದು ಇಳಿಸುತ್ತಾರೆ. ಮನೆಗೆ ಬಂದಿರುವುದು ಸಿಂಗಲ್ ಫೇಸ್, 230 ವೋಲ್ಟ್. ಮಶೀನಿನ ತಗಡಿನ ಮೇಲೆ ಬರೆದಿರುವುದು 415 ವೋಲ್ಟ್. ನಡುವಿನ ಈ ಅಂತರವನ್ನು ತುಂಬಲು ಒಂದು ಕಂಡೆನ್ಸರ್ ಸಾಕು ಎಂಬುದು ಎಲ್ಲರೂ ಒಪ್ಪಿಕೊಂಡುಬಿಟ್ಟ ಸತ್ಯ.

ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಮೋಟಾರುಗಳ ನಡುವೆಯೇ ನನ್ನ ದುಡಿಮೆಯ ವಯಸ್ಸು ಕಳೆಯಿತು. ಆ ಅನುಭವದ ಮೇಲೆ ನಿಂತು ಹೇಳುತ್ತೇನೆ: ಈ ಸತ್ಯ ಸುಳ್ಳು. ಬಡವನ ಬುದ್ಧಿವಂತಿಕೆ ಎಂದು ನಾವು ಬೆನ್ನು ತಟ್ಟುವ ಈ ಜುಗಾಡಿನಿಂದ ಬಡವನ ಮೋಟಾರು ಸುಡುತ್ತದೆ, ಬಡವನ ಬೆರಳು ಹೋಗುತ್ತದೆ, ಪಕ್ಕದ ಬಡವನ ಫ್ರಿಜ್ ಹಾಳಾಗುತ್ತದೆ. ಇವಕ್ಕಿಂತಲೂ ದೊಡ್ಡ ನಷ್ಟ ಒಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೂರು ಫೇಸ್ ಎಂದರೆ ಏನು? ನಮ್ಮ ಅಜ್ಜಿಯಂದಿರು ಒಂದೇ ಒರಳಿನಲ್ಲಿ ಮೂವರು ನಿಂತು ಭತ್ತ ಕುಟ್ಟುತ್ತಿದ್ದುದನ್ನು ನೆನಪಿಸಿಕೊಳ್ಳಿ. ಒಬ್ಬಳ ಒನಕೆ ಕೆಳಗೆ ಬಿದ್ದಾಗ ಇನ್ನೊಬ್ಬಳದು ಅರ್ಧ ದಾರಿಯಲ್ಲಿರುತ್ತದೆ, ಮತ್ತೊಬ್ಬಳದು ಏರುತ್ತಿರುತ್ತದೆ. ಒರಳು ಒಂದು ಕ್ಷಣವೂ ಖಾಲಿ ಇರದು, ಯಾರೊಬ್ಬಳ ರಟ್ಟೆಯೂ ಸೋಲದು. ಮೂರು ತಂತಿಗಳು ಮೋಟಾರಿನೊಳಗೆ ಹೀಗೆಯೇ ಸರದಿ ಹಿಡಿದು ಒಂದು ಸುತ್ತುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ರೋಟರ್ ಅದರ ಬೆನ್ನು ಹಿಡಿದು ತಾನಾಗಿ ತಿರುಗುತ್ತದೆ. ಸುತ್ತುವ ಕ್ಷೇತ್ರದ ಮೋಟಾರಿಗೆ ನಿಕೊಲಾ ಟೆಸ್ಲಾ ಪೇಟೆಂಟ್ ಪಡೆದದ್ದು 1888ರಲ್ಲಿ. ಮರುವರ್ಷ ದೊಲಿವೊ-ದೊಬ್ರೊವೊಲ್ಸ್ಕಿ ಎಂಬ ಎಂಜಿನಿಯರು ಅದನ್ನು ಮೂರು ಫೇಸಿಗೆ ಒಗ್ಗಿಸಿದ. 1891ರಲ್ಲಿ ಜರ್ಮನಿಯ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರ್ ದೂರ ಮೂರು ಫೇಸಿನ ವಿದ್ಯುತ್ ಹರಿಯಿತು. ಬುರುಶು ಬೇಡ, ಕಿಡಿ ಬೇಡ, ಸ್ಟಾರ್ಟಿಂಗಿಗೆ ಬೇರೆ ಸುರುಳಿ ಬೇಡ. ಇಷ್ಟು ಸರಳವಾದ, ಇಷ್ಟು ಗಟ್ಟಿಮುಟ್ಟಾದ ಯಂತ್ರ ಮನುಷ್ಯನ ಕೈಯಿಂದ ಬಂದದ್ದು ಕಡಿಮೆ. ಆ ಸರಳತೆಯೆಲ್ಲ ನಿಂತಿರುವುದು ಮೂರು ಒನಕೆಗಳ ಮೇಲೆ. ಎರಡನ್ನು ಕಸಿದುಕೊಂಡು “ಕುಟ್ಟು” ಎಂದರೆ ಏನಾಗುತ್ತದೆ?

ಏನಾಗುತ್ತದೆ ಎಂಬುದು ಕಾರ್ಖಾನೆಗಳಿಗೆ ಚೆನ್ನಾಗಿ ಗೊತ್ತು. ಓಡುತ್ತಿರುವ ತ್ರೀ ಫೇಸ್ ಮೋಟಾರಿನ ಒಂದು ಫ್ಯೂಸ್ ಹೋದರೆ ಮೋಟಾರು ಒಡನೆ ನಿಲ್ಲುವುದಿಲ್ಲ. ಉಳಿದ ಎರಡು ತಂತಿಗಳಲ್ಲಿ ಗುರ್ರೆನ್ನುತ್ತಾ ಓಡುತ್ತದೆ. ಅದಕ್ಕೆ ನಾವು ಸಿಂಗಲ್ ಫೇಸಿಂಗ್ ಎನ್ನುತ್ತಿದ್ದೆವು. ಹೊರೆ ಅಷ್ಟೇ ಇದ್ದರೆ ಸ್ಟಾರ್ ಜೋಡಣೆಯ (ಮೂರು ಸುರುಳಿಗಳ ಒಂದೊಂದು ತುದಿ ಒಟ್ಟಿಗೆ ಕೂಡಿದ) ಮೋಟಾರಿನಲ್ಲಿ ಉಳಿದೆರಡು ಸುರುಳಿಗಳ ಕರೆಂಟು ಸುಮಾರು 1.73 ಪಟ್ಟಾಗುತ್ತದೆ. ಕಾವು ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಆ ಸುರುಳಿಗಳಲ್ಲಿ ಕಾವು ಮೂರು ಪಟ್ಟು. ತಾಳಬಲ್ಲ ಮಟ್ಟಕ್ಕಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ ಇನ್ಸುಲೇಷನ್ನಿನ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಮೋಟಾರು ಬಲ್ಲವರೆಲ್ಲರ ಕೈಲೆಕ್ಕ. ಇದನ್ನು ತಡೆಯಲೆಂದೇ ಕಾರ್ಖಾನೆಗಳು ಹಣ ಕೊಟ್ಟು ಒಂದು ರಿಲೇ ತಂದು ಕೂರಿಸುತ್ತವೆ. ಅದರ ಹೆಸರೇ ಸಿಂಗಲ್ ಫೇಸ್ ಪ್ರಿವೆಂಟರ್. ಒಂದು ಫೇಸ್ ಕೈಕೊಟ್ಟ ಕೂಡಲೇ ಮೋಟಾರನ್ನು ನಿಲ್ಲಿಸುವುದಷ್ಟೇ ಅದರ ಕೆಲಸ.

ಠಾಣೆಯ ವಾಗಳೆ ಕೈಗಾರಿಕಾ ಎಸ್ಟೇಟಿನ ಎಂಜಿನಿಯರು ಯಾವ ಸ್ಥಿತಿಯನ್ನು ಅಪಘಾತವೆಂದು ಕರೆದು ಯಂತ್ರ ನಿಲ್ಲಿಸುತ್ತಾನೋ ಅದೇ ಸ್ಥಿತಿಯನ್ನು ಕಲ್ಯಾಣದ ಬಡಗಿಗೆ ನಾವು ಉಪಾಯವೆಂದು ಕಲಿಸುತ್ತಿದ್ದೇವೆ. ಸ್ಟಾರ್ಟ್ ಆದ ಮೇಲೆ ಕಂಡೆನ್ಸರನ್ನು ಬಿಡಿಸುವ ಅಗ್ಗದ ಪೆಟ್ಟಿಗೆಗಳು ಮಾಡುವುದು ಇದನ್ನೇ. ಒಂದು ಮೋಟಾರಿಗೆ ಎರಡು ನ್ಯಾಯ ಹೇಗೆ ಸಾಧ್ಯ? ಬಡಗಿಯ ಮೋಟಾರಿನ ತಾಮ್ರ ಬೇರೆ ಜಾತಿಯದೇ?

ಕಂಡೆನ್ಸರನ್ನು ಖಾಯಂ ಬಿಟ್ಟರೆ ಸರಿಹೋಗುತ್ತದೆ ಎಂಬ ಇನ್ನೊಂದು ವಾದವಿದೆ. ಮೋಟಾರನ್ನು ಡೆಲ್ಟಾಕ್ಕೆ, ಅಂದರೆ ಸುರುಳಿಗಳ ತ್ರಿಕೋನ ಜೋಡಣೆಗೆ, ಬದಲಿಸಿ, ಒಂದು ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡಿನಂತೆ ಕಂಡೆನ್ಸರ್ ಹಾಕಿದರೆ ಮೋಟಾರು ಓಡುವುದು ನಿಜ. ಸ್ಟೈನ್‌ಮೆಟ್ಸ್ ಎಂಬ ದೊಡ್ಡ ವಿಜ್ಞಾನಿಯ ಹೆಸರೇ ಆ ಜೋಡಣೆಗಿದೆ. ಆದರೆ ಆ ಕಂಡೆನ್ಸರ್ ಸರಿಹೊಂದುವುದು ಒಂದೇ ಒಂದು ಹೊರೆಗೆ. ನೀರೆತ್ತುವ ಪಂಪಿಗೆ ದಿನವಿಡೀ ಹೆಚ್ಚುಕಡಿಮೆ ಒಂದೇ ಹೊರೆ, ಅಲ್ಲಿ ಈ ಲೆಕ್ಕ ಹೇಗೋ ಕೂಡಿಬಂದೀತು. ಮರ ಹಾಗಲ್ಲ. ಹಲಸಿನ ಹಲಗೆಯನ್ನು ರಂದಾಕ್ಕೆ ಕೊಟ್ಟರೆ ಮೊದಲ ಅಡಿ ಬೆಣ್ಣೆಯಂತೆ ಹೋಗುತ್ತದೆ, ಎರಡನೆಯ ಅಡಿಯಲ್ಲಿ ಗಂಟು ಸಿಗುತ್ತದೆ, ಆಮೇಲೆ ನಾರು ತಿರುಗುತ್ತದೆ, ಮತ್ತೆ ಖಾಲಿ. ಹೊರೆ ಕ್ಷಣಕ್ಕೊಂದು. ಹೊರೆಯಿಲ್ಲದಾಗ ಒಂದು ಸುರುಳಿಯ ಮೇಲೆ ವೋಲ್ಟೇಜು ಏರಿ ಅದು ಕಾಯುತ್ತದೆ, ಗಂಟು ಸಿಕ್ಕಾಗ ಬಲವಿಲ್ಲದೆ ಇನ್ನೊಂದು ಸುರುಳಿ ಕಾಯುತ್ತದೆ. ಪಂಪಿನ ಉಪಾಯವನ್ನು ಪರೀಕ್ಷೆ ಮಾಡದೆ ಮರಗೆಲಸಕ್ಕೆ ತಂದು ಕೂರಿಸಿದವರು ಮರ ಕೊಯ್ದವರಲ್ಲ ಎಂದೇ ನಾನು ಹೇಳುತ್ತೇನೆ. ಕೆಲವೇ ಸೆಕೆಂಡು ಕೆಲಸ ಮಾಡಲೆಂದು ತಯಾರಾದ ಸ್ಟಾರ್ಟಿಂಗ್ ಕಂಡೆನ್ಸರನ್ನೇ ಖಾಯಂ ಜೋಡಿಸಿ, ಅದು ಪಟಾಕಿಯಂತೆ ಸಿಡಿದು ಗೋಡೆಗೆ ಎಣ್ಣೆಯಂಥ ದ್ರವ ಬಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸ್ವಿಚ್ ಆರಿಸಿದ ಮೇಲೂ ಅದರೊಳಗೆ ಚಾರ್ಜು ಉಳಿದು, ಮುಟ್ಟಿದವನ ಕೈಯನ್ನು ಹೊಡೆದೆಸೆದದ್ದನ್ನೂ ಕಂಡಿದ್ದೇನೆ.

ಪಂಪಿನ ಮಾತು ಬಂತು. ಕನ್ನಡ ನಾಡಿನವರಾದ ನಮಗೆ ಈ ಪಾಠ ಹೊಸದೇ? ರಾತ್ರಿ ಸಿಂಗಲ್ ಫೇಸ್ ಕೊಟ್ಟ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ತ್ರೀ ಫೇಸ್ ಪಂಪು ಓಡಿಸಿದ ನಮ್ಮ ರೈತರ ಕಥೆ ಯಾವ ತಾಲ್ಲೂಕಿಗೆ ಗೊತ್ತಿಲ್ಲ? “ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟೋಯ್ತು” ಎಂಬ ಮಾತು ಬಯಲುಸೀಮೆಯ ಹಳ್ಳಿಗಳಲ್ಲಿ ಮಳೆ ಬಂತು ಎಂಬಷ್ಟೇ ಸಹಜವಾಯಿತು. ಪೇಟೆಯ ಬಸ್ ನಿಲ್ದಾಣದ ಹಿಂದೆ ಮೋಟಾರು ರಿವೈಂಡಿಂಗ್ ಅಂಗಡಿಗಳು ಸಾಲು ಹಿಡಿದವು. ಒಬ್ಬ ರೈತನ ಕಂಡೆನ್ಸರಿಗೆ ಇಡೀ ಕೇರಿ ಕತ್ತಲಲ್ಲಿ ಕೂತಿತು. ಕೊನೆಗೆ ಕರ್ನಾಟಕ ಸರ್ಕಾರ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನೂ ಪಂಪುಗಳ ಲೈನನ್ನೂ ಬೇರ್ಪಡಿಸಬೇಕಾಯಿತು. ರೈತ ಕಂಡೆನ್ಸರ್ ಹಾಕಿದ್ದು ಹೊಟ್ಟೆಪಾಡಿಗೆ, ಅವನನ್ನು ದೂಷಿಸಲಾರೆ. ಆದರೆ ಸರಿಯಾದ ಲೈನು ಕೊಡುವುದೊಂದೇ ಇದಕ್ಕೆ ಪರಿಹಾರ ಎಂಬುದು ಅಲ್ಲಿ ಸಾಬೀತಾದ ಮೇಲೂ ಇಲ್ಲಿ, ಮುಂಬಯಿಯ ಮಗ್ಗುಲಲ್ಲಿ, ಅದೇ ತಪ್ಪನ್ನು ಕೊಂಡಾಡುವುದೇಕೆ?

ಮೋಟಾರು ಸುಟ್ಟರೆ ರಿವೈಂಡ್ ಮಾಡಿಸಬಹುದು. ಬೆರಳನ್ನು ಮಾಡಿಸಲಾಗದು. ಈ ಜುಗಾಡಿನ ಮೇಲೆ ನನ್ನ ದೊಡ್ಡ ಆರೋಪಗಳಲ್ಲಿ ಇದೊಂದು.

ನಮ್ಮಲ್ಲಿ ಮೂರು ಎಚ್‌ಪಿವರೆಗಿನ ಮೋಟಾರುಗಳು ಸಾಮಾನ್ಯವಾಗಿ ಸ್ಟಾರ್ ಜೋಡಣೆಯಲ್ಲಿ ಬರುತ್ತವೆ, ಅವುಗಳ ಪ್ರತಿ ಸುರುಳಿಗೆ ಬೇಕಾದದ್ದು 240 ವೋಲ್ಟಿನ ಆಸುಪಾಸು. ಅದಕ್ಕೇ ಅವನ್ನು ಡೆಲ್ಟಾ ಮಾಡಿ 230ರಲ್ಲಿ ಓಡಿಸುವ ಮಾತಾದರೂ ಆಡಬಹುದು. ಐದು ಎಚ್‌ಪಿ ಮತ್ತು ಅದರ ಮೇಲಿನವು ಬರುವುದೇ 415 ವೋಲ್ಟಿನ ಡೆಲ್ಟಾದಲ್ಲಿ. ಅವಕ್ಕೆ 230 ವೋಲ್ಟ್ ಕೊಟ್ಟರೆ ಸಿಗುವುದು ಬೇಕಾದದ್ದರ ಶೇ. 55. ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ ಉಳಿಯುವುದು ಶೇ. 31ಕ್ಕಿಂತ ಕಡಿಮೆ. ಕಂಡೆನ್ಸರಿನ ಓರೆಕೋರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮೂರನೇ ಒಂದು ಪಾಲೂ ಇಲ್ಲದ ಬಲದಲ್ಲಿ ಸರ್ಕಲ್ ಗರಗಸ ಸಾಗುವಾನಿಯ ದಿಮ್ಮಿಗೆ ಇಳಿಯುತ್ತದೆ. ಅರ್ಧಕ್ಕೆ ಬಂದಾಗ ಬ್ಲೇಡು ಸೋತು ನಿಧಾನವಾಗುತ್ತದೆ. ಬಡಗಿ ಸಹಜವಾಗಿಯೇ ಒತ್ತುತ್ತಾನೆ. ಬ್ಲೇಡು ಕಚ್ಚಿಕೊಂಡು ಮರ ಹಿಂದಕ್ಕೆ ಎಗರುತ್ತದೆ, ಒತ್ತುತ್ತಿದ್ದ ಕೈ ಮುಂದಕ್ಕೆ ಜಾರುತ್ತದೆ. ಬೆರಳು ಹೋಗುವುದು ಈ ಅರೆಕ್ಷಣದಲ್ಲಿ. ಆಸ್ಪತ್ರೆಯಲ್ಲಿ ಅವನು “ನನ್ನದೇ ತಪ್ಪು, ಗಮನ ತಪ್ಪಿತು” ಎನ್ನುತ್ತಾನೆ. ಗಮನ ತಪ್ಪಿದ್ದು ಅವನಿಗಲ್ಲ. 415 ಎಂದು ತಗಡಿನ ಮೇಲೆ ಬರೆದಿದ್ದನ್ನು ಓದಿಯೂ 230 ಕೊಟ್ಟ ಕೈ ಬೇರೆಯದು.

ಕಂಡೆನ್ಸರಿಗೂ ಕಾಸಿಲ್ಲದವರು ಪುಲ್ಲಿಗೆ ಹಗ್ಗ ಸುತ್ತಿ ಎಳೆದು ಮೋಟಾರು ಶುರುಮಾಡುವುದನ್ನು ನೋಡಿದವರಿದ್ದೀರಿ. ಸಿಂಗಲ್ ಫೇಸಿನಲ್ಲಿ ಸಿಕ್ಕಿಬಿದ್ದ ಮೋಟಾರಿಗೆ ತನ್ನದೇ ದಿಕ್ಕಿಲ್ಲ. ಯಾವ ಕಡೆ ಎಳೆದರೆ ಆ ಕಡೆ ಓಡುತ್ತದೆ. ಮಬ್ಬುಗತ್ತಲಲ್ಲಿ ಒಮ್ಮೆ ಹಗ್ಗ ತಿರುವುಮುರುವಾಗಿ ಸುತ್ತಿದರೆ ಗರಗಸ ಉಲ್ಟಾ ತಿರುಗುತ್ತದೆ, ಬ್ಲೇಡಿನ ನಟ್ಟು ತಾನಾಗಿ ಸಡಿಲವಾಗುತ್ತದೆ. ಇದನ್ನೂ ಕೈಚಳಕವೆಂದು ಹೊಗಳಬೇಕೇ?

ಇನ್ನು ಸ್ವಿಚ್ಚಿನ ವಿಚಾರ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳ ವಿದ್ಯುತ್ ಒಟ್ಟಿಗೇ ಹೋದದ್ದು, ಲೋಕಲ್ ರೈಲುಗಳು ಹಳಿಯ ಮೇಲೆ ನಿಂತದ್ದು ನೆನಪಿದೆಯೇ? ಅಂಥ ದೊಡ್ಡ ಕತ್ತಲು ಅಪರೂಪ. ಹತ್ತು ನಿಮಿಷ, ಅರ್ಧ ಗಂಟೆ ಕರೆಂಟು ಹೋಗಿ ಬರುವುದು ಮಳೆಗಾಲದ ಡೊಂಬಿವಲಿಯಲ್ಲಿ ನಿತ್ಯದ ಮಾತು. ಸರಿಯಾದ ಸ್ಟಾರ್ಟರಿನಲ್ಲಿ ನೋ-ವೋಲ್ಟ್ ಕಾಯಿಲ್ ಇರುತ್ತದೆ: ಕರೆಂಟು ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಬಂದರೂ ಹಸಿರು ಗುಂಡಿ ಒತ್ತದೆ ಮಶೀನು ಏಳುವುದಿಲ್ಲ. ಮನೆಯ ಜುಗಾಡಿನಲ್ಲಿ ಸ್ಟಾರ್ಟರ್ ಎಲ್ಲಿದೆ? ಗೀಸರಿಗೆ ಹಾಕುವಂಥ ಒಂದು ಸ್ವಿಚ್ಚು. ಕರೆಂಟು ಹೋಯಿತೆಂದು ಬಡಗಿ ಬ್ಲೇಡಿನ ಬಳಿ ಕೈಹಾಕಿ ಹೊಟ್ಟು ತೆಗೆಯುತ್ತಿರುತ್ತಾನೆ, ಸ್ವಿಚ್ಚು ಆನ್ ಆಗಿಯೇ ಇರುತ್ತದೆ. ಆ ಹೊತ್ತಿಗೆ ಕರೆಂಟು ಬಂದರೆ ಏನಾಗುತ್ತದೆಂದು ನಾನು ವಿವರಿಸಲಾರೆ.

ಅಪಾಯ ಆ ಕೋಣೆಯಲ್ಲಿ ನಿಲ್ಲುವುದೂ ಇಲ್ಲ. ಮೂರು ಎಚ್‌ಪಿ ಎಂದರೆ 2.2 ಕಿಲೋವ್ಯಾಟ್. ನಷ್ಟ ಸೇರಿಸಿದರೆ 230 ವೋಲ್ಟಿನಲ್ಲಿ ಓಡುವಾಗ 15 ಆಂಪಿಯರ್, ಶುರುವಾಗುವಾಗ ಅದರ ಐದಾರು ಪಟ್ಟು. ಮೀಟರ್ ಕೋಣೆಯಿಂದ 30 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದೆ ಎಂದುಕೊಳ್ಳಿ. ಹೋಗಿ ಬರುವ ದಾರಿಯ ರೋಧ ಸುಮಾರು 0.44 ಓಮ್. 80 ಆಂಪಿಯರ್ ಹರಿದ ಕ್ಷಣದಲ್ಲಿ 35 ವೋಲ್ಟ್ ಆ ತಂತಿಯಲ್ಲೇ ಕಾವಾಗಿ ಹೋಗುತ್ತದೆ. ದೀಪ ಮಂಕಾಗುತ್ತದೆ, ಮೋಟಾರು ಏಳಲಾರದೆ ಮತ್ತಷ್ಟು ಹೊತ್ತು ಅದೇ ಕರೆಂಟು ಎಳೆಯುತ್ತದೆ, ಎಂಸಿಬಿ ಬೀಳುತ್ತದೆ. ಆಗ ವಾಯರ್‌ಮನ್ ಬಂದು ಮಾಡುವುದೇನು? 16 ಆಂಪಿಯರಿನ ಎಂಸಿಬಿ ಕಿತ್ತು 32ರದು ಹಾಕುತ್ತಾನೆ. ತಂತಿ ಅದೇ ಹಳೆಯದು, ಎಷ್ಟೋ ಚಾಳುಗಳಲ್ಲಿ ಅಲ್ಯುಮಿನಿಯಮ್ಮಿನದು, ಗೋಡೆಗೆ ಹೊಡೆದ ಮರದ ಪಟ್ಟಿಯ ಮೇಲೆ ಕೂತದ್ದು. ಸುತ್ತಲೂ ಹೊಟ್ಟು, ಪ್ಲೈವುಡ್ಡು, ಫೆವಿಕಾಲಿನ ಡಬ್ಬಿ, ಪಾಲಿಶಿನ ಥಿನ್ನರು. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟಂತಾಯಿತು.

ಕಟ್ಟಡಕ್ಕೆ ಬರುವುದು ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್. ಮನೆಗಳನ್ನು ಮೂರರ ನಡುವೆ ಹಂಚಿರುತ್ತಾರೆ. ಒಂದೇ ಫೇಸಿನ ಮೇಲೆ ಭಾರವಾದ ಮೋಟಾರು ಕೂತರೆ ತಕ್ಕಡಿ ವಾಲಿ ನ್ಯೂಟ್ರಲಿನಲ್ಲಿ ಕರೆಂಟು ಏರುತ್ತದೆ, ಹಳೆಯ ಸಡಿಲ ಜೋಡಣೆ ಕಾದು ಕಡಿದುಹೋಗುತ್ತದೆ. ನ್ಯೂಟ್ರಲ್ ಕಡಿದ ಕ್ಷಣ ಮೇಲಿನ ಮಹಡಿಯ ಟಿವಿ, ಫ್ರಿಜ್‌ಗಳ ಮೇಲೆ 230ರ ಬದಲು 300, 350 ವೋಲ್ಟ್, ಕೆಟ್ಟ ಹೊತ್ತಿನಲ್ಲಿ 400ರ ಹತ್ತಿರ ಬೀಳಬಹುದು. ನಿವೃತ್ತಿಯ ಹಣದಲ್ಲಿ ಫ್ರಿಜ್ ಕೊಂಡ ಎರಡನೇ ಮಹಡಿಯ ಅಜ್ಜಿ ಯಾರನ್ನು ಕೇಳಬೇಕು? ಇದಕ್ಕಿಂತ ಕೆಡುಕಿನ ಕೆಲಸವನ್ನೂ ಕಂಡಿದ್ದೇನೆ: ಬೇರೆ ಫೇಸಿನಲ್ಲಿರುವ ನೆರೆಮನೆಯಿಂದ ಗೋಡೆಗೆ ತೂತು ಕೊರೆದು ಎರಡನೆಯ ಫೇಸ್ ಎಳೆದುಕೊಳ್ಳುವುದು. ಒಂದು ಮನೆಯ ಮೇನ್ ಸ್ವಿಚ್ ಆರಿಸಿ ರಿಪೇರಿಗೆ ಕೈಹಾಕಿದವನು ಇನ್ನೊಂದು ಮನೆಯ ಕರೆಂಟಿನಿಂದ ಸಾಯಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಬರುವ ಉತ್ತರ ನನಗೆ ಗೊತ್ತು. “ಬಡವ ಏನು ಮಾಡಬೇಕು? ಎಸ್ಟೇಟಿನಲ್ಲಿ ಗಾಳಾ (ಮಳಿಗೆ) ಬಾಡಿಗೆ ಹಿಡಿಯಲು ಅವನಲ್ಲಿ ಲಕ್ಷವಿದೆಯೇ?”

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟಿದೆ, ಏಕೆಂದರೆ ಅವರು ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಡವನ ಹೆಸರು ಹೇಳಿ ಅವನಿಗೆ ಸಲ್ಲಬೇಕಾದದ್ದನ್ನು ಕೇಳದೆ ಇರುವುದು ಕರುಣೆಯೇ? ನಾನು ಆಗಲೇ ಹೇಳಿದ ದೊಡ್ಡ ನಷ್ಟ ಇದು. ಕಂಡೆನ್ಸರ್ ಒಂದು ಸಿಕ್ಕಿದೊಡನೆ ಬಡಗಿ ತನ್ನ ಹಕ್ಕಿನ ಲೈನು ಕೇಳುವುದನ್ನೇ ಮರೆತುಬಿಟ್ಟ. ಅವನು ಕೇಳಲಿಲ್ಲವೆಂದು ವಿದ್ಯುತ್ ಕಂಪನಿ ಕೊಡಲಿಲ್ಲ. ಕಂಪನಿ ಕೊಡುವುದಿಲ್ಲವೆಂಬ ನಂಬಿಕೆ ಹಾಗೇ ಬೇರೂರಿತು.

ಮೂರು ತಂತಿಗಳು ಎಲ್ಲಿವೆ? ದೂರದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಾತ್ರ ಇವೆಯೇ? ನಿಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಮೀಟರ್ ಕೋಣೆಗೆ ಹೋಗಿ ನೋಡಿ. ಕೆಂಪು, ಹಳದಿ, ನೀಲಿ, ಮೂರೂ ಅಲ್ಲಿಯೇ ಬಂದು ನಿಂತಿವೆ. ಬಡಗಿಯ ಕೋಣೆಗೂ ಅವಕ್ಕೂ ನಡುವೆ ಮೂವತ್ತು ಮೀಟರ್ ತಂತಿ, ಒಂದು ಮೀಟರು, ಒಂದು ಅರ್ಜಿ ಇಷ್ಟೇ. ಮನೆಗೆ ತ್ರೀ ಫೇಸ್ ಕೊಡುವುದೇ ಇಲ್ಲ ಎಂದು ಹಬ್ಬಿಸಿದವರು ಯಾರು? ಇಲ್ಲಿನ ವಿತರಣಾ ಕಂಪನಿಯಾದ ಮಹಾವಿತರಣದ ದರಪಟ್ಟಿಯಲ್ಲಿ ಗೃಹಬಳಕೆಯ ತ್ರೀ ಫೇಸ್ ಸಂಪರ್ಕಕ್ಕೆ ಪ್ರತ್ಯೇಕ ಸ್ಥಿರ ಶುಲ್ಕವೇ ಇದೆ. ಕೊಡದ ವಸ್ತುವಿಗೆ ಯಾರಾದರೂ ಬೆಲೆ ಬರೆಯುತ್ತಾರೆಯೇ? 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಅರ್ಜಿ ಹಾಕಿದವನಿಗೆ ವಿದ್ಯುತ್ ಒದಗಿಸುವುದು ವಿತರಣಾ ಕಂಪನಿಯ ಕರ್ತವ್ಯ ಎನ್ನುತ್ತದೆ. 2020ರ ವಿದ್ಯುತ್ ಗ್ರಾಹಕ ಹಕ್ಕುಗಳ ನಿಯಮಗಳು 2024ರಲ್ಲಿ ತಿದ್ದುಪಡಿಯಾದ ಮೇಲೆ, ಹೊಸ ಲೈನು ಎಳೆಯುವ ಅಗತ್ಯವಿಲ್ಲದ ಕಡೆ, ಹೊಸ ಸಂಪರ್ಕಕ್ಕೂ ಇರುವ ಸಂಪರ್ಕದ ಬದಲಾವಣೆಗೂ ಮಹಾನಗರಗಳಲ್ಲಿ 3 ದಿನ, ಇತರ ಪುರಸಭೆ–ಪಾಲಿಕೆ ಪ್ರದೇಶಗಳಲ್ಲಿ 7 ದಿನಗಳ ಗಡುವಿದೆ.

ಮನೆಯ ಮೀಟರಿನಲ್ಲಿ ಧಂಧೆ ಮಾಡಿದರೆ ದಂಡ ಬೀಳುತ್ತದೆ ಎಂಬ ಭಯ ಇನ್ನೊಂದು. ಭಯಕ್ಕೆ ಕಾರಣವಿದೆ: ಅದೇ ಕಾಯ್ದೆಯ 126ನೇ ಕಲಮಿನಂತೆ, ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ಆ ವರ್ಗದ ದರದ ಎರಡು ಪಟ್ಟು ವಸೂಲಿ ಮಾಡಬಹುದು, ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ. ಕದ್ದು ಓಡಿಸುವವನ ಕುತ್ತಿಗೆಯ ಮೇಲೆ ಈ ಕತ್ತಿ ಸದಾ ತೂಗುತ್ತದೆ. ಆದರೆ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ತನ್ನ ದರ ಆದೇಶಗಳಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದನ್ನು ಬಡಗಿಗಳಿಗೆ ಯಾರು ತಿಳಿಸಿದ್ದಾರೆ? ಮನೆಯ ಒಂದು ಭಾಗದಲ್ಲಿ ವ್ಯಾಪಾರವನ್ನೋ ಕೈಗಾರಿಕೆಯನ್ನೋ ನಡೆಸುವವರ ಬಳಕೆ ತಿಂಗಳಿಗೆ 300 ಯೂನಿಟ್, ಹಿಂದಿನ ವರ್ಷಕ್ಕೆ 3,600 ಯೂನಿಟ್ ಮೀರದಿದ್ದರೆ ಅವರು ಗೃಹಬಳಕೆಯ ದರದಲ್ಲೇ ಉಳಿಯುತ್ತಾರೆ. ಮೂರು ಎಚ್‌ಪಿಯ ಮಶೀನನ್ನು ಪೂರ್ತಿ ಹೊರೆಯಲ್ಲಿ ದಿನಕ್ಕೆ ಮೂರು ಗಂಟೆ, ತಿಂಗಳಿಗೆ 25 ದಿನ ಓಡಿಸಿದರೂ ಆಗುವುದು ಸುಮಾರು 210 ಯೂನಿಟ್. ಮನೆಯ ದೀಪ, ಫ್ಯಾನು, ಮಿಕ್ಸಿಗೆ ಇನ್ನೂ ಜಾಗವಿದೆ. ಪಾಲಿಕೆಯ ಪರವಾನಗಿ, ಸೊಸೈಟಿಯ ಒಪ್ಪಿಗೆ ಬೇರೆಯೇ ಪಡೆಯಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೀಟರಿನ ಭಯಕ್ಕೆ ಬಾಯಿ ಮುಚ್ಚಿಕೊಂಡು ಕೂರುವ ಕಾರಣವಿಲ್ಲ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿಯೂ ಇದ್ದಾನೆ. ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತಿನಲ್ಲಿ ಮೂರು ಲಕ್ಷದವರೆಗೆ ಶೇ. 5ರ ಬಡ್ಡಿಯ ಸಾಲ. ಒಳ್ಳೆಯದೇ. ಆ ಸಾಲದಿಂದ ಅವನು ಕೊಳ್ಳುವ ಮಶೀನಿಗೆ ಕರೆಂಟು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಆ ಯೋಜನೆಯಲ್ಲಿ ಉತ್ತರವಿಲ್ಲ. ಉಳಿ, ಕೊಡತಿ, ಕೀಸುಳಿಗಳ ಕಾಲದ ಬಡಗಿಯನ್ನೇ ಕಣ್ಣ ಮುಂದಿಟ್ಟುಕೊಂಡರೆ ಹೀಗಾಗುತ್ತದೆ. ಇಂದಿನ ಬಡಗಿಯ ಮೊದಲ ಉಪಕರಣ ಮೂರು ಫೇಸಿನ ಲೈನು.

ಡ್ರೈವ್ ಹಾಕಬಹುದಲ್ಲ ಎನ್ನುವವರ ಮಾತಿನಲ್ಲಿ ತಿರುಳಿದೆ. ವಿಎಫ್‌ಡಿ ಎಂಬ ಪೆಟ್ಟಿಗೆ 230ರ ಸಿಂಗಲ್ ಫೇಸನ್ನು ಡಿಸಿ ಮಾಡಿ, ಮತ್ತೆ ನಿಜವಾದ ಮೂರು ಫೇಸಾಗಿ ಹೊರಗೆ ಕೊಡುತ್ತದೆ. ಮೋಟಾರು ತಂಪಾಗಿ ಓಡುತ್ತದೆ, ಮೆಲ್ಲಗೆ ಏಳುತ್ತದೆ. ತ್ರೀ ಫೇಸ್ ಬರಲಾರದ ಕಡೆ ಒಂದು, ಎರಡು ಎಚ್‌ಪಿಗೆ ನಾನೇ ಅದನ್ನು ಹಾಕಿಸು ಎನ್ನುತ್ತೇನೆ. ಆದರೆ ಅದು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಮೂರು ಎಚ್‌ಪಿಯ ಡ್ರೈವಿನ ಒಳಬರುವ ಕರೆಂಟು 24 ಆಂಪಿಯರಿನ ಆಸುಪಾಸು. ಮನೆಯ 16 ಆಂಪಿಯರಿನ ಸಾಕೆಟ್ಟು ಅದನ್ನು ತಾಳದು. ಪ್ರತ್ಯೇಕ ತಂತಿ, ಗಟ್ಟಿ ಅರ್ಥಿಂಗ್, ಹೆಚ್ಚಿಸಿದ ಮಂಜೂರು ಲೋಡು ಬೇಕೇ ಬೇಕು. ಅರ್ಥಿಂಗಿಗೆ ಹರಿಯುವ ಡ್ರೈವಿನ ಸಣ್ಣ ಸೋರಿಕೆಯಿಂದ, ಸೋರಿಕೆ ಕಂಡೊಡನೆ ಲೈನು ಕಡಿಯುವ ಆರ್‌ಸಿಸಿಬಿ ಬಿದ್ದರೆ, ಆ ಆರ್‌ಸಿಸಿಬಿಯನ್ನೇ ಕಿತ್ತೆಸೆಯುವ ವಾಯರ್‌ಮನ್‌ಗಳಿದ್ದಾರೆ. ಅವರು ಕಿತ್ತದ್ದು ಆ ಮನೆಯ ಮಕ್ಕಳ ಪ್ರಾಣರಕ್ಷಣೆಯನ್ನು. ಸಣ್ಣ ಮಶೀನಿಗೆ ಮೋಟಾರನ್ನೇ ಬದಲಿಸಿ ಒಂದೂವರೆ, ಎರಡು ಎಚ್‌ಪಿಯ ಅಸಲಿ ಸಿಂಗಲ್ ಫೇಸ್ ಮೋಟಾರು ಹಾಕುವುದೂ ಪ್ರಾಮಾಣಿಕ ದಾರಿಯೇ. ಐದು ಎಚ್‌ಪಿಯ ಥಿಕ್‌ನೆಸ್ ಮಶೀನಿಗೆ ಮಾತ್ರ ಮನೆಯ ಸಾಮಾನ್ಯ ಸಿಂಗಲ್ ಫೇಸ್ ಲೈನು ಸಾಲದು, ಸಾಕು ಎಂದು ಹೇಳುವವನು ಮೋಸ ಮಾಡುತ್ತಿದ್ದಾನೆ.

ಹಾಗಾದರೆ ಬದಲಾಗಬೇಕಾದವರು ಯಾರು? ಮಶೀನು ಮಾರುವವರು ಮೊದಲು. ಗಿರಾಕಿಯ ಮನೆಗೆ ಯಾವ ಫೇಸಿದೆ ಎಂದು ಕೇಳದೆ 415 ವೋಲ್ಟಿನ ಮೋಟಾರನ್ನು ಟೆಂಪೋಗೆ ಏರಿಸುವುದನ್ನು ನಿಲ್ಲಿಸಿ. ವಾಯರ್‌ಮನ್‌ಗಳೇ, ಲೋಡು ಹೆಚ್ಚಿಸುವ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಿ, ಪರೀಕ್ಷಾ ವರದಿ ಕೊಡಬೇಕೆಂಬ ನಿಯಮ ನಿಮಗೆ ಗೊತ್ತು. 32ರ ಎಂಸಿಬಿ ಕೈಗೆತ್ತಿಕೊಳ್ಳುವ ಮೊದಲು ಆ ಗೋಡೆಯ ಹಳೆಯ ತಂತಿಯನ್ನು ನೆನೆಯಿರಿ. ಸೊಸೈಟಿಯ ಕಮಿಟಿಗಳು ಬಡಗಿಯನ್ನು ಗದ್ದಲ ಮಾಡುವವನೆಂದು ಓಡಿಸುವ ಬದಲು, ಹೊತ್ತು ಗೊತ್ತುಮಾಡಿ, ಮೀಟರ್ ಕೋಣೆಯ ಹಳೆಯ ನ್ಯೂಟ್ರಲ್ ಜೋಡಣೆಗಳನ್ನು ಬಿಗಿ ಮಾಡಿಸಿ, ಒಪ್ಪಿಗೆ ಪತ್ರ ಕೊಡಲಿ. ಮಹಾವಿತರಣ ತನ್ನ ಪ್ರತಿ ಉಪವಿಭಾಗದ ಕಚೇರಿಯಲ್ಲೂ 300 ಯೂನಿಟ್ಟಿನ ಆ ನಿಯಮವನ್ನು ಬಡಗಿ ಓದಬಲ್ಲ ಭಾಷೆಯಲ್ಲಿ ಗೋಡೆಗೆ ಅಂಟಿಸಲಿ.

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ನಾಟಕ, ಯಕ್ಷಗಾನ, ಸನ್ಮಾನ, ವಿದ್ಯಾರ್ಥಿವೇತನ ಎಲ್ಲವೂ ಬೇಕು. ಕಾರ್ಕಳದಿಂದ, ಅಂಕೋಲೆಯಿಂದ ಉಳಿ ಹಿಡಿದು ಬಂದು ಈ ಊರಿನ ಬಾಗಿಲು, ಮಂಚ, ದೇವರ ಮಂಟಪಗಳನ್ನು ಮಾಡಿಕೊಟ್ಟ ನಮ್ಮದೇ ಜನರ ಅರ್ಜಿ ತುಂಬಿಸಲು ತಿಂಗಳಿಗೊಂದು ಭಾನುವಾರ ಒಂದು ಮೇಜು, ಮರಾಠಿ ಬಲ್ಲ ಒಬ್ಬ ಕಾರ್ಯಕರ್ತ, ಒಬ್ಬ ನಿವೃತ್ತ ಎಲೆಕ್ಟ್ರಿಷಿಯನ್ ಸಾಕು. ಡೊಂಬಿವಲಿಯಲ್ಲಿ ಆ ಮೇಜಿನ ಹಿಂದೆ ಕೂರಲು ನಾನು ತಯಾರಿದ್ದೇನೆ.

ಬಡಗಿ ಅಣ್ಣಂದಿರೇ, ನಾಳೆ ಬೆಳಿಗ್ಗೆ ನಿಮ್ಮ ಬಿಲ್ಲನ್ನು ತೆಗೆದು ‘ಮಂಜೂರ್ ಭಾರ್’ ಎಂದಿರುವ ಕಡೆ ಎಷ್ಟಿದೆ ನೋಡಿ. ಮಶೀನಿನ ತಗಡನ್ನು ಒರೆಸಿ ಎಚ್‌ಪಿ ಎಷ್ಟು, ವೋಲ್ಟ್ ಎಷ್ಟು ಓದಿಕೊಳ್ಳಿ. ಎರಡನ್ನೂ ಕಾಗದದ ಮೇಲೆ ಬರೆದುಕೊಂಡು ಕಚೇರಿಗೆ ಹೋಗಿ ಅರ್ಜಿಯಲ್ಲಿ ತ್ರೀ ಫೇಸ್ ಎಂದು ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹಿಂತಿರುಗಬೇಡಿ. ಇಲ್ಲ ಎಂದರೆ ಲಿಖಿತದಲ್ಲಿ ಇಲ್ಲ ಎನ್ನಲಿ. ಕಲ್ಯಾಣ–ಡೊಂಬಿವಲಿಯವರಿಗೆ ಕಲ್ಯಾಣ ವಲಯದಲ್ಲಿ, ಠಾಣೆ–ವಾಶಿಯವರಿಗೆ ಭಾಂಡುಪ್ ವಲಯದಲ್ಲಿ ಗ್ರಾಹಕರ ಕುಂದುಕೊರತೆ ವೇದಿಕೆಗಳಿವೆ. ಆ ಕಾಗದ ಹಿಡಿದು ಅಲ್ಲಿಗೆ ಹೋಗಿ. ಅಲ್ಲಿಯವರೆಗೆ ಆ ಮಶೀನನ್ನು ಓಡಿಸಬೇಡಿ.